ಶೇಂಗಾ ಒಲ್ಲದ ಸೊಸೆ

ನಮ್ಮ ಕಡೆ ಒಬ್ಬ ಮನುಷ್ಯ ಕುಡುಕನಾಗಬಹುದು, ಇಸ್ಪೀಟಿಗೆ ಹೊಲ ಕಳೆಯಬಹುದು, ಇಬ್ಬರು ಹೆಂಡಿರನ್ನು ಮಾಡಿಕೊಂಡು ಇಬ್ಬರನ್ನೂ ಉಪವಾಸ ಕೆಡವಬಹುದು. ಅದಕ್ಕೆಲ್ಲ ಜನ ಏನಾದರೊಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಶೇಂಗಾ ತಿನ್ನುವುದಿಲ್ಲ ಅಂದವರನ್ನು ಮಾತ್ರ ಕ್ಷಮಿಸುವುದಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಸವಣೂರಿಗೆ ಬಂದಾಗ ನನಗೆ ಇದು ಗೊತ್ತಿರಲಿಲ್ಲ.

ನನ್ನ ತವರು ಹಾನಗಲ್ಲ ತಾಲ್ಲೂಕಿನ ತಿಳವಳ್ಳಿ. ಅಲ್ಲಿ ಭತ್ತದ ಗದ್ದೆ, ಊಟಕ್ಕೆ ಅನ್ನ ಸಾರು. ಸಣ್ಣವಳಿದ್ದಾಗ ಅವ್ವ ಸಂತೆಯಿಂದ ಹುರಿದ ಶೇಂಗಾ ತಂದು ಒಂದು ಹಿಡಿ ನನ್ನ ಅಂಗೈಯಲ್ಲಿ ಸುರಿದಳು. ತಿಂದು ಮುಗಿಸುವುದರೊಳಗೆ ತುಟಿ ಊದಿಕೊಂಡವು, ಮೈತುಂಬ ಗಂಧೆ ಎದ್ದಿತು, ಉಸಿರು ಸಿಳ್ಳೆ ಹಾಕತೊಡಗಿತು. ಅವ್ವ ನನ್ನನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಉಸಿರು ನೆಟ್ಟಗಾಗುವವರೆಗೂ ಬೆನ್ನು ತಿಕ್ಕುತ್ತ ಕೂತಳು. ಆಮೇಲೆ ಆ ಮನೆಗೆ ಶೇಂಗಾ ಬರಲಿಲ್ಲ. ಅಷ್ಟೇ. ಅವ್ವ ಅಕ್ಷರ ಕಲಿತವಳಲ್ಲ. ಕಣ್ಣಿಂದ ಕಂಡದ್ದನ್ನು ನಂಬಿದಳು, ಪುರಾವೆ ಕೇಳಲಿಲ್ಲ. ಪುರಾವೆ ಕೇಳುವ ಬುದ್ಧಿವಂತರನ್ನು ನಾನು ನೋಡಿದ್ದು ಗಂಡನ ಮನೆಯಲ್ಲಿ.

ಸವಣೂರಿನ ಆ ಮನೆಯಲ್ಲಿ ಶೇಂಗಾ ಸೇರದ ಡಬ್ಬಿ ಅಂದರೆ ಉಪ್ಪಿನದೊಂದೇ. ಮುಂಜಾನೆ ಒಗ್ಗರಣೆ ಅವಲಕ್ಕಿಯಲ್ಲಿ ಶೇಂಗಾ, ಮಧ್ಯಾಹ್ನ ರೊಟ್ಟಿಗೆ ಶೇಂಗಾ ಚಟ್ನಿ, ಪಲ್ಯಕ್ಕೆ ಶೇಂಗಾ ಪುಡಿ, ಮಂದಿ ಬಂದರೆ ನೀರಿನ ಜೊತೆ ಬೆಲ್ಲ ಶೇಂಗಾ. ಉಪವಾಸದ ದಿನ ದೇವರ ಹೆಸರಿನಲ್ಲಿ ಇನ್ನಷ್ಟು. ಅದರ ಮೇಲೆ ನಮ್ಮ ಅತ್ತೆಯ ಶೇಂಗಾ ಚಟ್ನಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ದುಂಡಸಿಯ ಬೀಗರು, ತಡಸದ ನಾದಿನಿ, ಎಲ್ಲರೂ ಡಬ್ಬಿ ಕಳಿಸಿ ತುಂಬಿಸಿಕೊಂಡು ಹೋಗುತ್ತಿದ್ದರು. ಅಂಥವರ ಎದುರು ಕೂತು, ಮದುವೆಯ ಅರಿಶಿನ ಇನ್ನೂ ಕೈಯಲ್ಲಿರುವಾಗಲೇ ನಾನು ಬಾಯಿ ಬಿಟ್ಟೆ.

"ಅತ್ತಿ, ನನಗ ಶೇಂಗಾ ಆಗಿಬರೂದಿಲ್ರಿ. ತಿಂದ್ರ ಗಂಟಲ ಬಿಗೀತೈತ್ರಿ."

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಶೇಂಗಾ ತಿಂದ್ರ ಗಂಟಲ ಬಿಗಿಯೂದು ನಾ ಎಲ್ಲೂ ಕೇಳಿಲ್ಲವಾ. ಬಸರಿ ತಿಂತಾಳ, ಬಾಣಂತಿ ತಿಂತಾಳ. ಇಲಿ ಸೈತ ತಿಂತಾವ, ಅವಕ್ಕ ಏನೂ ಆಗೂದಿಲ್ಲ."

ಇಲಿಯ ಆರೋಗ್ಯವನ್ನು ನನಗೆ ಮಾದರಿಯಾಗಿ ತೋರಿಸಿದ್ದು ಅದೇ ಮೊದಲು. ಮುಂದೆ ಕಾಗೆ, ಅಳಿಲು, ಮುಂಗಾರಿನ ಹೊಲದ ಕಾಡುಹಂದಿ, ಇವೆಲ್ಲ ನನಗಿಂತ ಗಟ್ಟಿ ಪಿಂಡಗಳೆಂದು ಕೇಳಿಸಿಕೊಂಡೆ.

ಆದರೂ ಅತ್ತೆ ಕೆಟ್ಟವರಲ್ಲ. ಹೊಸ ಸೊಸೆಯ ಹಟ ಎಷ್ಟು ದಿನ ಇದ್ದೀತು ಎಂದುಕೊಂಡು ನನಗೆಂದೇ ಗುರೆಳ್ಳು ಚಟ್ನಿ ಕುಟ್ಟಿಕೊಟ್ಟರು. ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದೆ. ತುಟಿ ಕಡಿಯಿತು, ಕತ್ತಿನ ಸುತ್ತ ಗಂಧೆ ಎದ್ದಿತು. ನನಗೇ ಗಾಬರಿ, ಯಾಕಂದರೆ ಗುರೆಳ್ಳು ನಾನು ತವರಿನಲ್ಲಿ ತಿಂದೇ ಬೆಳೆದದ್ದು. ಆಮೇಲೆ ಅಗಸಿ ಚಟ್ನಿ ಕುಟ್ಟಿದರು. ಅದಕ್ಕೂ ಅದೇ ಕಥೆ. ಅತ್ತೆಗೆ ಮೂಗಿನ ತುದಿಯಲ್ಲಿ ಸಿಟ್ಟು ಬಂತು. "ಶೇಂಗಾ ಆಗೂದಿಲ್ಲ, ಗುರೆಳ್ಳ ಆಗೂದಿಲ್ಲ, ಅಗಸಿ ಆಗೂದಿಲ್ಲ. ಸೀದಾ ಹೇಳಲಾ, ಅತ್ತಿ ಕೈಂದು ಆಗೂದಿಲ್ಲ ಅಂತ." ಓಣಿಯಲ್ಲಿ ಅಂದಿನಿಂದ ನನ್ನ ರೋಗಕ್ಕೆ ಒಂದು ಹೆಸರು ಗಟ್ಟಿಯಾಯಿತು: ನಖರಾ.

ಇದರ ಮೇಲೆ ಇನ್ನೊಂದು ಎಡವಟ್ಟು. ಆ ಮನೆಯಲ್ಲಿ ಒಗ್ಗರಣೆಗೂ ಕರಿಯುವುದಕ್ಕೂ ಗಾಣದ ಶೇಂಗಾ ಎಣ್ಣೆಯನ್ನೇ ಬಳಸುತ್ತಿದ್ದರು. ಆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿಯನ್ನು ನಾನು ಎಲ್ಲರ ಎದುರು ಚಪ್ಪರಿಸಿಕೊಂಡು ತಿಂದೆ, ನನಗೆ ಏನೂ ಆಗಲಿಲ್ಲ. ಡಬ್ಬಿಯ ತಳದ ಗಷ್ಟು ಬಂದ ದಿನ ಮಾತ್ರ ತುಟಿ ಸ್ವಲ್ಪ ಚುರುಗುಟ್ಟುತ್ತಿತ್ತು. ಅದನ್ನು ಯಾರು ಕೇಳುತ್ತಾರೆ? ಸುಳ್ಳು ಹೇಳುವವಳು ಕನಿಷ್ಠ ನೆಟ್ಟಗೆ ಸುಳ್ಳು ಹೇಳಬೇಕು ಎಂಬುದು ಎಲ್ಲರ ಅಭಿಪ್ರಾಯವಾಯಿತು.

ಈ ಹೊತ್ತಿಗೆ ಹಿರೇಕೆರೂರಿನ ಕಾಕಾ ಬಂದಿಳಿದರು. ನಮ್ಮ ಮಾವನವರ ತಮ್ಮ. ಮಾವನವರು ತೀರಿಕೊಂಡ ಮೇಲೆ ಮನೆಯ ದೊಡ್ಡ ಮಾತುಗಳಿಗೆಲ್ಲ ಇವರೇ ದಿಕ್ಕು. ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ನಿವೃತ್ತಿಯ ಆದೇಶ ಶಾಲೆಗೆ ಮಾತ್ರ ಅನ್ವಯ, ನಾಲಿಗೆಗೆ ಅಲ್ಲ ಎಂದು ತಿಳಿದವರು. ಅಂಗಿಯ ಜೇಬಿನಲ್ಲಿ ಸದಾ ಒಂದು ಹಿಡಿ ಶೇಂಗಾ ಇರುತ್ತಿತ್ತು. ಮಾತಾಡುತ್ತ ಒಂದೊಂದೇ ಸುಲಿದು ಬಾಯಿಗೆ ಎಸೆದುಕೊಳ್ಳುತ್ತಿದ್ದರು, ಸಿಪ್ಪೆ ಗುಡಿಸುವವಳು ನಾನು.

"ಎಣ್ಣಿ ಅಂದ್ರ ಶೇಂಗಾದ ಜೀವ," ಅಂದರು ಕಾಕಾ. "ಜೀವಾನ ಆಗಿಬರ್ತೈತಿ ಅಂದಮ್ಯಾಲ ದೇಹ ಯಾಕ ಆಗೂದಿಲ್ಲ? ವಿಜ್ಞಾನ ಕಲಸಾಕಿ ನೀನು, ನೀನ ಹೇಳು."

ಹೌದು, ನಾನು ಬಿ.ಎಸ್ಸಿ. ಮಾಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರತಿವರ್ಷ ಮಕ್ಕಳ ಎದುರು ನಿಂತು, ಪ್ರೋಟೀನು ದೇಹವನ್ನು ಕಟ್ಟುತ್ತದೆ, ಶೇಂಗಾದಲ್ಲಿ ಪ್ರೋಟೀನು ಹೇರಳವಾಗಿದೆ, ಆದ್ದರಿಂದ ಶೇಂಗಾ ಬಡವರ ಬಾದಾಮಿ ಎಂದು ಹೇಳಿ ಬರುತ್ತಿದ್ದೆ. ಪಠ್ಯಪುಸ್ತಕ ಬರೆದವರಿಗೆ ನನ್ನ ಗಂಟಲಿನ ಪರಿಚಯವಿರಲಿಲ್ಲ. ಆದರೆ ಕಾಕಾನ ಮಾತು ನನ್ನನ್ನು ಕೊರೆಯಿತು. ಎಣ್ಣೆ ಆಗುತ್ತದೆ, ಕಾಳು ಆಗುವುದಿಲ್ಲ. ಹಾಗಾದರೆ ಎಣ್ಣೆಗೆ ಬಾರದೆ ಹಿಂದೆ ಉಳಿದದ್ದು ಯಾವುದು?

ಗಾಣದವರಿಂದ ಒಂದು ತುಂಡು ಹಿಂಡಿ ತರಿಸಿದೆ. ಎಣ್ಣೆ ತೆಗೆದ ಮೇಲೆ ಉಳಿಯುವ, ಎಮ್ಮೆಗೆ ಹಾಕುವ ಹಿಂಡಿ. ಕೈಗೆ ಬಟ್ಟೆ ಸುತ್ತಿಕೊಂಡು ಅದನ್ನು ಶಾಲೆಯ ಪ್ರಯೋಗಶಾಲೆಗೆ ಒಯ್ದೆ. ಪ್ರಯೋಗಶಾಲೆ ಅಂದರೆ ಒಂದು ಕಪಾಟು, ಒಂದು ಮುರುಕು ಮೇಜು. ಮೈಲುತುತ್ತದ ನೀರು, ಕಾಸ್ಟಿಕ್ ಸೋಡಾ, ಎರಡು ಗಾಜಿನ ನಳಿಕೆ. ಹಿಂಡಿ ಕಲಸಿದ ನೀರಿಗೆ ಅವನ್ನು ಬೆರೆಸಿದಾಗ ಬಣ್ಣ ನೇರಳೆಗೆ ತಿರುಗಿತು. ತಿಳಿ ಎಣ್ಣೆಗೆ ಬೆರೆಸಿದಾಗ ತಿರುಗಲಿಲ್ಲ. ಅಂದರೆ ಪ್ರೋಟೀನೆಲ್ಲ ಹಿಂಡಿಯಲ್ಲಿ ಉಳಿದಿದೆ, ಎಣ್ಣೆಗೆ ಇಳಿದಿಲ್ಲ. ಗಷ್ಟಿನಲ್ಲಿ ಅದರ ಚೂರು ಇರುವುದರಿಂದಲೇ ತುಟಿ ಚುರುಗುಟ್ಟುವುದು. ನನ್ನ ವೈರಿ ಶೇಂಗಾದ ಪ್ರೋಟೀನು. ಆ ಮಧ್ಯಾಹ್ನ ನಾನು ಕುಣಿಯುವುದೊಂದು ಬಾಕಿ.

ಎರಡೂ ನಳಿಕೆಗಳನ್ನು ಮನೆಗೆ ತಂದು ಕಾಕಾನ ಮುಂದೆ ಹಿಡಿದೆ. ಅವರು ಬೆಳಕಿಗೆ ಎತ್ತಿ ನೋಡಿದರು.

"ತೊಗರಿಬ್ಯಾಳಿಗೂ ಈ ಬಣ್ಣ ಬರ್ತೈತೇನು?"

"ಬರ್ತೈತ್ರಿ ಕಾಕಾ."

"ತೊಗರಿಬ್ಯಾಳಿ ತಿಂತಿಯೋ ಇಲ್ಲೋ?"

"ತಿಂತೇನ್ರಿ."

"ಮುಗೀತಲ್ಲವಾ," ಅಂದು ಇನ್ನೊಂದು ಕಾಳು ಬಾಯಿಗೆ ಎಸೆದುಕೊಂಡರು.

ಬೇಳೆಯಲ್ಲೂ ಪ್ರೋಟೀನು, ಹಾಲಲ್ಲೂ ಪ್ರೋಟೀನು. ಅವು ನನ್ನ ತಂಟೆಗೆ ಬರುವುದಿಲ್ಲ. ಶೇಂಗಾದ್ದು ಮಾತ್ರ ಯಾಕೆ ಬರುತ್ತದೆ, ಅದರಲ್ಲಿ ಯಾವುದು ಬರುತ್ತದೆ? ನೇರಳೆ ಬಣ್ಣಕ್ಕೆ ಅಷ್ಟೆಲ್ಲ ಹೇಳಲು ಬರುವುದಿಲ್ಲ. ದೊಡ್ಡ ದೊಡ್ಡ ಪ್ರಯೋಗಶಾಲೆಗಳವರು ತಲೆ ಕೆರೆದುಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಕಾಕಾ ಕೇಳಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅವರು ಕೇಳಿದ್ದು ತಿಳಿಯಲಿಕ್ಕಲ್ಲ, ಬಾಯಿ ಮುಚ್ಚಿಸಲಿಕ್ಕೆ. ಅದರಲ್ಲಿ ಗೆದ್ದರು.

ಗೆದ್ದವರು ಸುಮ್ಮನೆ ಹಿರೇಕೆರೂರಿನ ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಹತ್ತಲಿಲ್ಲ. ನನಗೆ ತಿಳಿಯದಂತೆ ಒಂದು ಪರೀಕ್ಷೆ ಮಾಡಿ ನೋಡೋಣ ಎಂದು ಅತ್ತೆಗೆ ಹೇಳಿಕೊಟ್ಟರು. "ಆಕಿಗೆ ಹೇಳಬ್ಯಾಡ್ರಿ ವೈನಿ. ಹೇಳಿದ್ರ ಮನಸ್ಸಿಗೆ ಹತ್ತತೈತಿ. ಗೊತ್ತಿಲ್ಲದಂಗ ಹಾಕ್ರಿ, ಏನೂ ಆಗಲಿಲ್ಲಂದ್ರ ಅಲ್ಲಿಗೆ ಮುಗೀತು." ಇದನ್ನು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನನಗೆ ಆಮೇಲೆ ತಿಳಿಸಿದವರು ನಮ್ಮ ಮನೆಯವರು. ಅಂದರೆ ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು.

ತಿಳಿಯದಂತೆ ತಿನ್ನಿಸಿ ನೋಡುವ ಪರೀಕ್ಷೆಯನ್ನು ನಿಜವಾದ ಡಾಕ್ಟರರೂ ಮಾಡುತ್ತಾರಂತೆ, ರೋಗಿಯನ್ನು ಒಪ್ಪಿಸಿ, ಸೂಜಿ ಮದ್ದು ಸಿದ್ಧ ಇಟ್ಟುಕೊಂಡು. ಕಾಕಾ ಸಿದ್ಧ ಇಟ್ಟುಕೊಂಡದ್ದು ಕೈಗಡಿಯಾರವನ್ನು.

ಶ್ರಾವಣದ ಒಂದು ಮಧ್ಯಾಹ್ನ, ಬದನೆಕಾಯಿ ಎಣ್ಣೆಗಾಯಿ. ನನ್ನ ಪಾಲಿಗೆ ಬೇರೆ ಪಾತ್ರೆಯಲ್ಲಿ, ಶೇಂಗಾ ಇಲ್ಲದ ಮಸಾಲೆ ತುಂಬಿ ಮಾಡಿದ್ದೇನೆ ಎಂದು ಅತ್ತೆ ಹೇಳಿದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಖಾರ ಮುಂದಾಗಿದ್ದರಿಂದ ರುಚಿ ತಿಳಿಯಲಿಲ್ಲ. ಎರಡನೆಯ ತುತ್ತಿಗೆ ಅಂಗೈ ಕಡಿಯತೊಡಗಿತು. ಆಮೇಲೆ ಕಿವಿ ಬಿಸಿಯಾದವು, ತುಟಿ ನನ್ನವಲ್ಲ ಅನ್ನಿಸಿತು, ಹೊಟ್ಟೆ ಕಿವುಚಿತು. ನಾನು ತಲೆ ಎತ್ತಿದೆ. ಕಾಕಾ ಗಡಿಯಾರ ನೋಡುತ್ತಿದ್ದರು. ನಮ್ಮ ಮನೆಯವರು ತಟ್ಟೆ ನೋಡುತ್ತಿದ್ದರು. ಗೊತ್ತಾಯಿತು. ಏನು ಹಾಕಿದಿರಿ ಎಂದು ಕೇಳಲು ಹೋದೆ, ಗಂಟಲಿನಿಂದ ಬರೀ ಗಾಳಿ ಬಂತು.

"ತಡೀರಿ, ನಾಟಕ ಇದ್ದೀತು," ಅಂದರು ಕಾಕಾ.

ಹೆದರಿಕೆ ಎಂದರೆ ಏನೆಂದು ನನಗೆ ಆ ದಿನ ತಿಳಿಯಿತು. ಸಾಯುವ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು, ಇವರು ನೋಡುತ್ತ ಕೂತಿರುವಾಗಲೇ ಸಾಯುತ್ತೇನೆ, ಸತ್ತ ಮೇಲೂ ಇವರು ನಂಬುವುದಿಲ್ಲ ಅನ್ನುವುದು. ಮೊದಲು ಎದ್ದವರು ಅತ್ತೆ. ನನ್ನ ಮುಖ ನೀಲಿಗೆ ತಿರುಗಿದ್ದನ್ನು ಕಂಡು, "ಟಾಂಗಾ ತರ್ರ್ಯೋ!" ಎಂದು ಓಣಿ ಹಾರಿಹೋಗುವಂತೆ ಚೀರಿದರು. ವೀಳ್ಯದೆಲೆ ವ್ಯಾಪಾರದ ನೆರೆಯ ಸಾಹೇಬರು ತಮ್ಮ ಪೆಂಡಿಗಳನ್ನು ಕೆಳಗಿಳಿಸಿ ಟಾಂಗಾ ಬಿಟ್ಟುಕೊಟ್ಟರು. ದಾರಿಯುದ್ದಕ್ಕೂ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದರು. ದವಾಖಾನೆಯಲ್ಲಿ ಸೂಜಿ ಚುಚ್ಚಿದ ಮೇಲೆ ಗಂಟಲು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಂಡಿತು.

ಈಗಲಾದರೂ ನಂಬಿರಬೇಕಲ್ಲ ಎಂದು ನೀವು ಕೇಳಬಹುದು. ಕಾಕಾ ಮನೆಯ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಾಗಿತ್ತು: "ಬದನಿಕಾಯಿ ನಂಜು. ಶ್ರಾವಣದಾಗ ಬದನಿಕಾಯಿ ತಿನಬಾರದು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು?" ಆ ಅಡುಗೆ ಮಾಡಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಅತ್ತೆ ಆ ಬದನೆಕಾಯಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಹಿಡಿಯದೆ ಇನ್ನೇನು ಮಾಡಿಯಾರು? ನನ್ನನ್ನು ನಂಬಿದರೆ, ತಾವು ಸ್ವಂತ ಕೈಯಿಂದ ಸೊಸೆಗೆ ವಿಷ ಬಡಿಸಿದ್ದಾಗಿ ನಂಬಬೇಕಾಗುತ್ತದೆ. ಅಷ್ಟು ದೊಡ್ಡ ತುತ್ತು ಅವರ ಗಂಟಲಲ್ಲಿ ಇಳಿಯಲಿಲ್ಲ. ಮನೆಯಲ್ಲಿ ನನಗೆ ಬದನೆಕಾಯಿ ನಿಷೇಧವಾಯಿತು. ಬದನೆಕಾಯಿ ನನಗೆ ಬಹಳ ಇಷ್ಟ.

ಸುಧಾರಿಸಿಕೊಳ್ಳಲು ತಿಳವಳ್ಳಿಗೆ ಹೋದೆ. ಗಂಡನ ಜೊತೆ ಮಾತು ಬಿಟ್ಟಿದ್ದೆ. ಹೋಗುವಾಗ ಅತ್ತೆ ತಮ್ಮ ಹೊಲದ ಗುರೆಳ್ಳನ್ನು ಒಂದು ಚೀಲದಲ್ಲಿ ಕಟ್ಟಿ ಅವ್ವನಿಗೆಂದು ಕಳಿಸಿದ್ದರು. ಅವ್ವ ಅದನ್ನೇ ಹುರಿದು ಚಟ್ನಿ ಕುಟ್ಟಿದಳು. ಮರೆತು ತಿಂದುಬಿಟ್ಟೆ. ತಿಂದ ಮೇಲೆ ನೆನಪಾಗಿ, ಕೈ ನೋಡಿಕೊಂಡೆ, ಕತ್ತು ಮುಟ್ಟಿಕೊಂಡೆ. ಏನೂ ಇಲ್ಲ. ಸವಣೂರಿನ ಗುರೆಳ್ಳು ಸವಣೂರಿನಲ್ಲಿ ಕುಟ್ಟಿದರೆ ಗಂಧೆ ಏಳುತ್ತದೆ, ತಿಳವಳ್ಳಿಯಲ್ಲಿ ಕುಟ್ಟಿದರೆ ಏಳುವುದಿಲ್ಲ. ಕಾಳು ಒಂದೇ. ಹಾಗಾದರೆ ಬೇರೆ ಆದದ್ದು ಒರಳು.

ನಮ್ಮ ಕಡೆ ಒಣ ಚಟ್ನಿಯ ಒರಳನ್ನು ತೊಳೆಯುವುದಿಲ್ಲ. ನೀರಿನ ಪಸೆ ತಾಗಿದರೆ ಚಟ್ನಿ ಬೂಜು ಹಿಡಿಯುತ್ತದೆಂದು ಒಂದು ಬಟ್ಟೆಯಿಂದ ಒರೆಸಿ ಬಿಡುತ್ತಾರೆ. ಅತ್ತೆಯ ಒರಳು ಅವರ ಅತ್ತೆಯ ಕಾಲದ್ದು. ಅವರೂ ತೊಳೆದಿರಲಿಲ್ಲ. ತಲೆಮಾರುಗಳ ಶೇಂಗಾ ಅದರ ಕಲ್ಲಿನಲ್ಲಿ ಕೂತು ಎಣ್ಣೆಯ ಹೊಳಪು ಬಂದಿತ್ತು, ಒರೆಸುವ ಬಟ್ಟೆಯಲ್ಲೂ ಶೇಂಗಾದ ಕಂದು ಪುಡಿ. ನನ್ನ ಗುರೆಳ್ಳು, ನನ್ನ ಅಗಸಿ, ಎಲ್ಲ ಅದರಲ್ಲೇ ಬಿದ್ದು ಎದ್ದು ಬಂದಿದ್ದವು. ಇಷ್ಟು ಸಣ್ಣ ವಿಷಯ ಕಣ್ಣೆದುರಿಗಿದ್ದರೂ, ನಾನು ನಳಿಕೆಗಳಲ್ಲಿ ಹುಡುಕುತ್ತಿದ್ದೆ, ಕಾಕಾ ನನ್ನ ಮನಸ್ಸಿನಲ್ಲಿ ಹುಡುಕುತ್ತಿದ್ದರು.

ಮರಳಿ ಬಂದು ಅತ್ತೆಗೆ ಹೇಳಿದೆ. ಒರಳು ತೊಳೆಯೋಣ ಅಂದೆ. ನಿಮ್ಮ ಸೀರೆ ಬಿಚ್ಚಿ ಕಟ್ಟೆಯ ಮೇಲೆ ಹರವಿ ಹಾಗೇ ನಿಲ್ಲಿರಿ ಅಂದಷ್ಟು ಅವಮಾನವಾಯಿತು ಅವರಿಗೆ. ಹಾಗಾದರೆ ನನಗೊಂದು ಬೇರೆ ಒರಳು ಇರಲಿ ಅಂದೆ. ಅದು ಅದಕ್ಕಿಂತ ಕೆಟ್ಟದಾಯಿತು.

"ಎರಡನೇ ಒಳ್ಳು ಇಟ್ರ ಓಣ್ಯಾಗ ಏನಂತಾರ ಗೊತ್ತೈತೇನು? ಅತ್ತಿ ಸೊಸಿ ಬ್ಯಾರೆ ಆದ್ರು ಅಂತಾರ. ನಾ ಸತ್ತಮ್ಯಾಲ ಏನರ ಮಾಡ್ಕೊಳವಾ."

ಓಣಿಯ ಮಂದಿ ಏನಂದಾರು ಎಂಬ ಚಿಂತೆಗಾಗಿ ನಮ್ಮ ದೇಶದಲ್ಲಿ ಎಷ್ಟು ಹೆಂಗಸರು ಸತ್ತಿರಬಹುದು. ಆ ಲೆಕ್ಕಕ್ಕೆ ನಾನು ಸೇರುವುದಿಲ್ಲ ಎಂದು ನಿಶ್ಚಯ ಮಾಡಿದೆ. ಅವ್ವ ತಿಳವಳ್ಳಿಯಲ್ಲಿ ಕುಟ್ಟಿದ ಚಟ್ನಿ ಬಸ್ಸಿನಲ್ಲಿ ಡಬ್ಬಿಗಟ್ಟಲೆ ಬರತೊಡಗಿತು. ಅತ್ತೆಯ ಅಡುಗೆಯಲ್ಲಿ ನಾನು ಕಣ್ಣೆದುರು ಆದದ್ದನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆ ಮನೆಯಲ್ಲಿ ನಾನು ಕಳ್ಳರ ನಡುವೆ ಇದ್ದಂತೆ ಇದ್ದೆ, ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು.

ನಮ್ಮ ಮನೆಯವರಿಗೆ ಶಿಗ್ಗಾವಿಯ ಕಚೇರಿಯಲ್ಲಿ ನೌಕರಿ. ಒಳ್ಳೆಯ ಮನುಷ್ಯ, ಅಂದರೆ ಯಾರು ಏನು ಹೇಳಿದರೂ ತಲೆ ಆಡಿಸುವ ಮನುಷ್ಯ. ಆ ಬದನೆಕಾಯಿಯ ದಿನ ತಲೆ ಆಡಿಸಿದ್ದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಕಚೇರಿಯಲ್ಲಿ ಯಾರನ್ನೋ ವಿಚಾರಿಸಿ, ಹುಬ್ಬಳ್ಳಿಯಲ್ಲಿ ಇಂಥ ಕಾಯಿಲೆ ನೋಡುವ ಡಾಕ್ಟರೊಬ್ಬರಿದ್ದಾರೆಂದು ತಿಳಿದು, ಒಂದು ದಿನ ರಜೆ ಹಾಕಿ ನನ್ನನ್ನು ಹೊರಡಿಸಿದರು. ಅತ್ತೆಯೂ ಹೊರಟರು. ನಾನು ಡಾಕ್ಟರ ಎದುರು ತಮ್ಮ ಮೇಲೆ ಏನು ಹೇಳುತ್ತೇನೋ ಎಂದು ಕಾಯಲಿಕ್ಕೆ.

ಡಾಕ್ಟರು ನನ್ನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಪ್ರತಿ ಹನಿಯ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಶೇಂಗಾ, ಗುರೆಳ್ಳು, ತೊಗರಿ, ಮತ್ತೆ ನಾನು ಕೇಳಿಕೊಂಡಿದ್ದಕ್ಕೆ ಬದನೆಕಾಯಿಯ ರಸವನ್ನೂ. ಸ್ವಲ್ಪ ಹೊತ್ತಿಗೆ ಶೇಂಗಾದ ಜಾಗದಲ್ಲಿ ಹುಣಸೆ ಬೀಜದಷ್ಟು ದದ್ದು ಎದ್ದಿತು. ಉಳಿದವು ಸಪಾಟಾಗಿದ್ದವು. ಬದನೆಕಾಯಿ ನಿರ್ದೋಷಿಯಾಗಿ ಬಿಡುಗಡೆಯಾಯಿತು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. "ನನಗೂ ಚುಚ್ಚ್ರಿ ಡಾಕ್ಟರ್ ಸಾಹೇಬ್ರ. ಸೂಜಿ ಚುಚ್ಚಿದ್ರ ಯಾರಿಗರ ಬಾವು ಬರೂದ."

ಡಾಕ್ಟರು ನಗುತ್ತ ಶೇಂಗಾದ ಹನಿ ಇಟ್ಟು ಚುಚ್ಚಿದರು. ಅತ್ತೆಯ ಕೈ ಮೇಲೆ ಒಂದು ಚುಕ್ಕೆಯೂ ಏಳಲಿಲ್ಲ. ಅವರು ಸೋತೆ ಅನ್ನಲಿಲ್ಲ. ಕೈ ಮುಂದೆ ಚಾಚಿ, "ನೋಡ್ರಿ ಮತ್ತ, ಶೇಂಗಾದ್ದು ಏನೂ ತಪ್ಪಿಲ್ಲ," ಅಂದರು.

"ಹೌದವ್ವಾ, ಶೇಂಗಾದ್ದು ತಪ್ಪಿಲ್ಲ. ಇವರ ರಕ್ತ ಅದನ್ನ ವೈರಿ ಅಂತ ತಿಳಕೊಂಡೈತಿ," ಅಂದರು ಡಾಕ್ಟರು. ಅತ್ತೆ ಅದರಲ್ಲಿ ತಮಗೆ ಬೇಕಾದ ಅರ್ಧವನ್ನು ಆರಿಸಿಕೊಂಡರು. ಸವಣೂರಿಗೆ ಮರಳಿದ ದಿನವೇ ಓಣಿಗೆಲ್ಲ ಸುದ್ದಿ ಹೋಯಿತು, ಶೇಂಗಾ ಚಲೋ ಐತಂತ, ಸೊಸಿ ರಕ್ತ ಕೆಟ್ಟೈತಂತ.

ಹೊರಡುವ ಮುಂಚೆ ನಾನು ಕಾಕಾನ ಪ್ರಶ್ನೆಯನ್ನು ಡಾಕ್ಟರ ಮುಂದಿಟ್ಟೆ. ತೊಗರಿಯಲ್ಲೂ ಪ್ರೋಟೀನಿದೆ, ಅದು ಯಾಕೆ ಏನೂ ಮಾಡುವುದಿಲ್ಲ? ಅವರು ಮೊದಲ ಸಲ ನನ್ನನ್ನು ರೋಗಿಯಂತಲ್ಲ, ಮನುಷ್ಯಳಂತೆ ನೋಡಿದರು. ಶೇಂಗಾದಲ್ಲಿರುವುದು ಒಂದೇ ಪ್ರೋಟೀನಲ್ಲ, ಹಲವು. ಮೊಳಕೆಗೆಂದು ಬೀಜ ಕೂಡಿಟ್ಟುಕೊಂಡ ಬುತ್ತಿ ಅವು. ಅವುಗಳಲ್ಲಿ ಕೆಲವನ್ನು ಮಾತ್ರ ನನ್ನಂಥವರ ರಕ್ತ ಹಿಡಿದು ಜಗಳ ತೆಗೆಯುತ್ತದೆ. ಹುರಿದರೂ ಅವು ಸಾಯುವುದಿಲ್ಲ. ಯಾವುವು ಅವು ಎಂದು ಹಿಡಿಯಲು ಹೊರದೇಶಗಳಲ್ಲಿ ಶೇಂಗಾದ ಪ್ರೋಟೀನುಗಳನ್ನು ಮೆತ್ತನೆಯ ಗಂಜಿಯಂಥ ಹಾಳೆಯಲ್ಲಿ ವಿದ್ಯುತ್ತು ಹರಿಸಿ ಓಡಿಸುತ್ತಾರೆ. ಸಣ್ಣವು ಮುಂದೆ, ದೊಡ್ಡವು ಹಿಂದೆ, ಪಟ್ಟಿಪಟ್ಟಿಯಾಗಿ ನಿಲ್ಲುತ್ತವೆ. ಅದರ ಮೇಲೆ ನನ್ನಂಥವರ ರಕ್ತದ ತಿಳಿಯನ್ನು ಹಾಕಿದರೆ, ಅದು ತನ್ನ ವೈರಿಯ ಪಟ್ಟಿಗೆ ಹೋಗಿ ಅಂಟಿಕೊಳ್ಳುತ್ತದೆ. "ಹುಡುಕಾಕತ್ತಾರ್ರಿ ಟೀಚರ್, ಇನ್ನೂ ಪೂರಾ ಸಿಕ್ಕಿಲ್ಲ," ಅಂದರು. ಮುಂದೆ ಅವುಗಳನ್ನು ಒಂದೊಂದಾಗಿ ಹಿಡಿದು ಹೆಸರಿಟ್ಟರು. ಆ ಹೆಸರುಗಳನ್ನು ನಾನು ಓದಿದಾಗ ಕಾಕಾ ಬದುಕಿರಲಿಲ್ಲ. ಇದ್ದಿದ್ದರೆ ಅದಕ್ಕೂ ಏನಾದರೊಂದು ಅನ್ನುತ್ತಿದ್ದರು.

ಡಾಕ್ಟರು ಒಂದು ಸಿರಿಂಜು, ಮದ್ದಿನ ಗಾಜುಗಳನ್ನು ಕೊಟ್ಟು, ತೊಡೆಗೆ ಹೇಗೆ ಚುಚ್ಚಿಕೊಳ್ಳಬೇಕೆಂದು ಕಲಿಸಿದರು. ಮಕ್ಕಳಾದರೆ ಅವರಿಗೂ ಇದು ಬರುತ್ತದೆಯೇ ಎಂದು ಕೇಳಿದೆ. ಬರಬಹುದು, ಬರದಿರಬಹುದು ಅಂದರು. ಆ ಮಾತೊಂದು ನನ್ನ ಎದೆಯಲ್ಲಿ ಕೂತಿತು.

ಎಂಬತ್ತರ ದಶಕ ಶುರುವಾಗುವಾಗ ನನಗೆ ಮಗಳು ಹುಟ್ಟಿದಳು. ನನ್ನ ವಿಷಯದಲ್ಲಿ ಇವರು ಏನಾದರೂ ಅನ್ನಲಿ, ಮಗುವಿನ ವಿಷಯದಲ್ಲಿ ನಾನು ಹೆಣ್ಣುಹುಲಿಯಾಗಿದ್ದೆ. ಹುಬ್ಬಳ್ಳಿಗೆ ಒಯ್ದು, ಡಾಕ್ಟರ ಎದುರಿನಲ್ಲಿ ಪರೀಕ್ಷೆಯಾಗುವವರೆಗೆ ಶೇಂಗಾದ ಚೂರನ್ನೂ ಅವಳ ಬಾಯಿಗೆ ಹಾಕಕೂಡದೆಂದು ಎಲ್ಲರಿಗೂ ಹೇಳಿದ್ದೆ. ನಾನು ಹೇಳಿದ್ದಕ್ಕೆಲ್ಲ ಅತ್ತೆ ಮೂಗು ಮುರಿಯುತ್ತಿದ್ದರು. "ನನ್ನ ಮೊಮ್ಮಗಳು ನಿನ್ನಂಗ ಅಲ್ಲ. ಆಕಿ ನಮ್ಮ ಮನಿ ಕೂಸು."

ಮಗಳು ಓಡಾಡಿ ಮಾತಾಡುವಂತಾದ ವರ್ಷದ ಪಂಚಮಿ ಹತ್ತಿರ ಬಂದಿತ್ತು. ಶಾಲೆ ಮುಗಿಸಿ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ ಉಂಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತ ಮಗಳ ಎರಡೂ ಕೈಯಲ್ಲಿ ಶೇಂಗಾ ಉಂಡಿ, ಬಾಯಿ, ಗದ್ದ, ಮೂಗಿನ ತುದಿ, ಎಲ್ಲ ಕಡೆ ಬೆಲ್ಲ ಶೇಂಗಾದ ಪುಡಿ.

ನನ್ನ ಕೈಯಿಂದ ಚೀಲ ಬಿತ್ತು. ಅದರೊಳಗಿನ ಸಿರಿಂಜು ಹುಡುಕಿ ತೆಗೆದು ಅಂಗೈಯಲ್ಲಿ ಹಿಡಿದು, ಬಾಗಿಲಲ್ಲೇ ಕುಸಿದು ಕೂತೆ. ಯಾವಾಗ ತಿನ್ನಿಸಿದಿರಿ ಎಂದು ಕೇಳಿದೆ. "ಮುಂಜಾನಿಂದ ತಿನ್ನಾಕತ್ತಾಳ," ಅಂದರು, ನನ್ನ ಕಡೆ ತಿರುಗದೆ. ನಾನು ಮಗಳ ತುಟಿ ನೋಡುತ್ತಿದ್ದೆ, ಕಿವಿ ನೋಡುತ್ತಿದ್ದೆ, ಅವಳ ಉಸಿರಿಗೆ ನನ್ನ ಉಸಿರು ಕಟ್ಟಿಕೊಂಡು ಕಿವಿಗೊಟ್ಟಿದ್ದೆ. ಎಲ್ಲ ನೆಟ್ಟಗಿತ್ತು. ಅವಳು ಇನ್ನೊಂದು ಉಂಡಿ ಬೇಕೆಂದಳು.

"ನೋಡು," ಅಂದರು ಅತ್ತೆ, ಈಗ ತಿರುಗಿ. ಅವರ ಮುಖ ಗೆದ್ದವರ ಮುಖ. "ಏನರ ಆತೇನು? ನಿನ್ನ ಹೊಟ್ಟ್ಯಾಗ ಹುಟ್ಟಿದ ಕೂಸಿಗೆ ಏನೂ ಆಗಲಿಲ್ಲ. ಅಂದ್ರ ನಿಂದೂ ಎಲ್ಲಾ ಸುಳ್ಳ. ಅವತ್ತಿಂದ ನಾ ಹೇಳಾಕತ್ತೇನಿ, ನಖರಾ ಅಂತ."

ಆ ಕ್ಷಣದಲ್ಲಿ ಜಗತ್ತಿನ ಎಲ್ಲ ಕಾಕಾಗಳೂ ಸಾಲಾಗಿ ಬಂದು ನನ್ನನ್ನು ಸುಳ್ಳಿ ಅಂದಿದ್ದರೂ ಒಬ್ಬೊಬ್ಬರ ಕಾಲಿಗೂ ಬೀಳುತ್ತಿದ್ದೆ. ನನ್ನ ಮಗಳು ಉಸಿರಾಡುತ್ತಿದ್ದಳು. ನನಗೆ ಅಳು ಬಂತು.

ನಾನು ಅಳುವುದನ್ನು ಕಂಡು ಮಗಳು ಉಂಡಿ ಬಿಟ್ಟು, ಎರಡೂ ಕೈ ಚಾಚಿಕೊಂಡು, ಮುದ್ದು ಕೊಡಲು ನನ್ನ ಕಡೆ ಓಡಿಬಂದಳು. ಆ ಕೈ, ಆ ಬಾಯಿ ನನ್ನ ಮುಖಕ್ಕೆ ತಾಗಿದರೆ ಏನಾಗುತ್ತದೆಂದು ನನಗೆ ಗೊತ್ತು. ಆದರೆ ಓಡಿಬರುವ ಕೂಸನ್ನು ಯಾವ ತಾಯಿ ದೂಡಿಯಾಳು? ನಾನು ಅಲುಗಲಿಲ್ಲ.

ನಡುವೆ ಅತ್ತೆಯ ಕೈ ಬಂತು. ಮಗಳ ರೆಟ್ಟೆ ಹಿಡಿದು ಎತ್ತಿಕೊಂಡು ಬಚ್ಚಲಿಗೆ ಹೋದರು. ನೀರು ಹಾಕಿ ಕೈ ತೊಳೆದರು, ಬೆರಳ ಸಂದು ತಿಕ್ಕಿದರು, ಬಾಯಿ ಮುಕ್ಕಳಿಸಲು ಹಚ್ಚಿದರು, ತಮ್ಮ ಬೆರಳು ಹಾಕಿ ಒಸಡಿನ ಮೂಲೆಯಲ್ಲಿದ್ದದ್ದನ್ನೂ ತೆಗೆದರು. ಅಂಗಿ ಬಿಚ್ಚಿ ದೂರ ಒಗೆದು, ಬೇರೆ ಅಂಗಿ ತೊಡಿಸಿದರು. ಇಷ್ಟು ಹೊತ್ತೂ ಬೈಗುಳ ನಡೆದೇ ಇತ್ತು. "ನಿಮ್ಮವ್ವಂದು ಭಾಳ ನಖರಾ. ಎಲ್ಲಾ ನಾಟಕ. ಬಾಯಿ ತಗಿ ನೋಡೂನು, ಇನ್ನೂ ತಗಿ."

ಆಮೇಲೆ ಮಗಳ ಅಂಗೈಗಳನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಸಮಾಧಾನವಾಗಲಿಲ್ಲ. ಮತ್ತೊಂದು ಸಲ ಸಾಬೂನು ಹಚ್ಚಿ ತೊಳೆದು, "ಈಗ ಹೋಗು," ಅಂದು ಬಿಟ್ಟರು.